ಇಬ್ಬರಿಗೂ ಒಂದೇ ಪಾಸ್‌ವರ್ಡ್

ಆಳಂದದಲ್ಲಿ ನಾನು ಕಂಪ್ಯೂಟರ್ ಕಲಿಸುವವಳು. ಟೈಪಿಂಗ್ ಪರೀಕ್ಷೆಗೆ ಕೂಡುವವರು, ಅರ್ಜಿ ತುಂಬಿಸಿಕೊಳ್ಳಲು ಬರುವವರು, ಸುಮ್ಮನೆ ಮೌಸ್ ಹಿಡಿಯಲು ಕಲಿಯುವ ನಿವೃತ್ತ ಮಾಸ್ತರರು, ಇವರೇ ನನ್ನ ವಿದ್ಯಾರ್ಥಿಗಳು. ಮದುವೆಗೆ ಮುಂಚೆ ಕಲಬುರಗಿಯಲ್ಲಿ ಡಿಪ್ಲೊಮಾ ಓದುವಾಗ ವಿಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಆಗ ಅದೇ ದೊಡ್ಡ ವಿದ್ಯೆ. ಈಗ ಅದನ್ನು ಯಾರೂ ಕಲಿಸುವುದಿಲ್ಲ, ಕೇಳುವವರೂ ಇಲ್ಲ. ಆದರೆ ನನಗೆ ಬರುವುದು ಅದೊಂದೇ. ಅದರಲ್ಲೇ ನಮ್ಮೂರಿನ ಒಬ್ಬ ಡಾಕ್ಟರ ಲ್ಯಾಬಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ.

ಡಾಕ್ಟರದು ರಕ್ತ ಪರೀಕ್ಷೆಯ ಲ್ಯಾಬು. ಆಳಂದದಲ್ಲಿ ದೊಡ್ಡದು, ಅಫಜಲಪುರ ಮತ್ತು ಜೇವರ್ಗಿಯಲ್ಲಿ ಒಂದೊಂದು ಸಣ್ಣದು. ಅಫಜಲಪುರದ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಜೇವರ್ಗಿಯಲ್ಲಿದ್ದವನು ಮೂವತ್ತೈದರ ಆಸುಪಾಸಿನ ಟೆಕ್ನಿಷಿಯನ್. ಅವನು ಮೊದಲು ಅಕ್ಕೋರ ಕೈಕೆಳಗೆ ಅಫಜಲಪುರದಲ್ಲೇ ಕೆಲಸ ಕಲಿತವನು. ಅವರಿಬ್ಬರ ನಡುವೆ ಏನೋ ಆಗಿ ಅವನನ್ನು ಜೇವರ್ಗಿಗೆ ಕಳಿಸಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ನನ್ನ ಪ್ರೋಗ್ರಾಂ ಸರಳವಾಗಿತ್ತು. ಮುಂಜಾನೆ ಕಂಪ್ಯೂಟರ್ ಹಚ್ಚಿದರೆ ಒಂದು ಸಣ್ಣ ಪೆಟ್ಟಿಗೆ ಬಂದು ಪಾಸ್‌ವರ್ಡ್ ಕೇಳುತ್ತಿತ್ತು. ಹೆಸರು ಕೇಳುತ್ತಿರಲಿಲ್ಲ. ಕೈಗವಸು ಹಾಕಿಕೊಂಡು ಕೆಲಸ ಮಾಡುವವರಿಗೆ ಎರಡೆರಡು ಸಲ ಟೈಪ್ ಮಾಡುವ ತ್ರಾಸ ಬೇಡ ಎಂದು ನಾನೇ ಹಾಗೆ ಮಾಡಿದ್ದೆ. ಒಳಗಿನ ಪಟ್ಟಿಯಲ್ಲಿ ಆ ಪಾಸ್‌ವರ್ಡ್ ಯಾರದೋ ಅವರ ಹೆಸರು ಅವತ್ತಿನ ರಿಪೋರ್ಟುಗಳ ಕೆಳಗೆ ಅಚ್ಚಾಗುತ್ತಿತ್ತು. ಒಬ್ಬರು ರಜೆ ಹಾಕಿದರೆ ಬೇರೆ ಊರಿನವರು ಹೋಗಿ ಕೂಡಬೇಕಾಗುತ್ತಿದ್ದುದರಿಂದ ಮೂರೂ ಕಡೆ ಒಂದೇ ಪಟ್ಟಿ ಇಟ್ಟಿದ್ದೆ. ಯಾರಾದರೂ ಪಾಸ್‌ವರ್ಡ್ ಬದಲಿಸಿದರೆ ಅವರ ಕಂಪ್ಯೂಟರಿನ ಪಟ್ಟಿಯನ್ನು ನನಗೆ ಕಳಿಸುವರು, ನಾನು ಎಲ್ಲವನ್ನೂ ಸೇರಿಸಿ ಮೂರೂ ಕಡೆ ವಾಪಸ್ ಹಾಕುವೆ.

ಪಾಸ್‌ವರ್ಡುಗಳನ್ನು ಹಾಗೇ ಬರೆದಿಡಬಾರದು ಎಂಬಷ್ಟು ನನಗೆ ಗೊತ್ತಿತ್ತು. ಹಾಗಾಗಿ ಪ್ರತಿ ಅಕ್ಷರವನ್ನೂ ಅದರ ಮುಂದಿನ ಅಕ್ಷರಕ್ಕೆ ಸರಿಸಿ ಬರೆಯುವಂತೆ ಮಾಡಿದ್ದೆ. ಇಂಗ್ಲಿಷಿನ ಎ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಸಿ. ನಾನು ಅದನ್ನು ಬಹಳ ದೊಡ್ಡ ಗುಟ್ಟು ಎಂದುಕೊಂಡಿದ್ದೆ. ಒಂದು ದಿನ ಆಳಂದದ ಲ್ಯಾಬಿನಲ್ಲಿ ಚೀಟಿ ಕೊಡುವ ಹೆಣ್ಣುಮಗಳು ಆ ಪಟ್ಟಿಯ ಫೈಲನ್ನು ಅಕಸ್ಮಾತ್ ತೆರೆದಳು. ಎರಡು ನಿಮಿಷ ನೋಡಿದಳು. ಆಮೇಲೆ ಡಾಕ್ಟರ ಎದುರೇ, "ಸರ್, ನಿಮ್ಮ ಪಾಸ್‌ವರ್ಡ್ ಡಾಕ್ಟರ್ ಅಂತ ಇಟ್ಟೀರೇನ್ರಿ?" ಎಂದು ಕೇಳಿದಳು. ಆಕೆ ಮನೆಯಲ್ಲಿ ಪೇಪರಿನ ಪದಬಂಧ ಬಿಡಿಸುವವಳು. ನನ್ನ ಗುಟ್ಟು ಆಕೆಗೆ ಚಹಾ ಆರುವಷ್ಟು ಹೊತ್ತಿನ ಕೆಲಸವಾಗಿತ್ತು.

ಡಾಕ್ಟರು ನನ್ನನ್ನು ಕರೆಸಿದರು. ಸಿಟ್ಟಿರಲಿಲ್ಲ, ಗೊಂದಲವಿತ್ತು. "ನೀವು ಹೇಳಿದ್ರಿ ಯಾರಿಗೂ ಓದಾಕ ಬರಂಗಿಲ್ಲ ಅಂತ. ಈಕಿ ಓದಿದ್ಳಲ್ರಿ."

"ಸರ್, ಇದನ್ನ ತೆಗೆದು ಹ್ಯಾಶ್ ಅಂತ ಹಾಕ್ತೇನ್ರಿ. ಅದನ್ನ ನಾನೂ ಓದಾಕ ಆಗಂಗಿಲ್ಲ."

"ನಿಮಗೂ ಆಗಂಗಿಲ್ಲ ಅಂದ್ರ, ನಾ ಮರ್ತರ ಯಾರು ಹೇಳ್ತಾರ?"

"ಯಾರೂ ಹೇಳಾಕ ಬರಂಗಿಲ್ರಿ. ಹೊಸಾದು ಇಡಬೇಕು. ಜ್ವಾಳ ಬೀಸಿದ ಮ್ಯಾಲ ಹಿಟ್ಟಿಂದ ಕಾಳು ಮಾಡಾಕ ಬರ್ತದೇನ್ರಿ? ಹಂಗ."

ಡಾಕ್ಟರು ಸ್ವಲ್ಪ ಯೋಚಿಸಿದರು. "ನಮ್ಮವ್ವ ಹಿಟ್ಟು ಮುಟ್ಟಿ ಯಾವ ಹೊಲದ ಜ್ವಾಳ ಅಂತ ಹೇಳ್ತಿದ್ಳು," ಎಂದರು.

ಮನೆಗೆ ಬಂದು ಹುಡುಕಿದೆ. ನನ್ನ ಹಳೆಯ ಭಾಷೆಯಲ್ಲಿ ಹ್ಯಾಶ್ ಮಾಡುವ ಸಿದ್ಧ ವ್ಯವಸ್ಥೆ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಬರೆದು ಒಂದು ಚರ್ಚಾ ತಾಣದಲ್ಲಿ ಹಾಕಿದ್ದ ಕೋಡ್ ಸಿಕ್ಕಿತು. ನೂರಾರು ಸಾಲು. ಅಂಕಿಗಳನ್ನು ಎಡಕ್ಕೆ ತಿರುಗಿಸುವುದು, ಕೂಡಿಸುವುದು, ಮತ್ತೆ ತಿರುಗಿಸುವುದು. ಓದಿದೆ. ಅರ್ಧ ತಿಳಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅರ್ಧವೂ ತಿಳಿದಿರಲಿಲ್ಲ. ಪದ ಯಾವುದೇ ಕೊಟ್ಟರೂ ಅದು ಮೂವತ್ತೆರಡು ಅಕ್ಷರಗಳ ಒಂದು ಸಾಲನ್ನು ಕೊಡುತ್ತಿತ್ತು. ಒಂದೇ ಪದ ಕೊಟ್ಟರೆ ಪ್ರತಿ ಸಲವೂ ಅದೇ ಸಾಲು. ಒಂದಕ್ಷರ ಬದಲಾಯಿಸಿದರೆ ಪೂರ್ತಿ ಬೇರೆ ಸಾಲು. ನನ್ನ ಹೆಸರು ಕೊಟ್ಟೆ, ಗಂಡನ ಹೆಸರು ಕೊಟ್ಟೆ, ಎಲ್ಲ ಇಂಗ್ಲಿಷಿನಲ್ಲೇ. ಸರಿಯಾಗಿ ಕೆಲಸ ಮಾಡಿತು. ಅದನ್ನೇ ಅಂಟಿಸಿದೆ.

ಮೂರೂ ಲ್ಯಾಬುಗಳಿಗೆ ಫೋನ್ ಮಾಡಿ ಎಲ್ಲರೂ ಹೊಸ ಪಾಸ್‌ವರ್ಡ್ ಇಡಬೇಕು ಎಂದು ಹೇಳಿದೆ. ಪದಬಂಧದ ಹೆಣ್ಣುಮಗಳು ಮಾಡಿದ ಅವಮಾನ ಮನಸ್ಸಿನಲ್ಲಿತ್ತು. ಹಾಗಾಗಿ ಒಂದು ಮಾತು ಜಾಸ್ತಿ ಸೇರಿಸಿದೆ. "ಈಗ ಬಂದಿರೋ ಹೊಸ ಕಂಪ್ಯೂಟರ್‌ನ್ಯಾಗ ಕನ್ನಡ ಕೀಲಿಮಣಿ ಅದ. ಕನ್ನಡದಾಗ ಇಡ್ರಿ. ಯಾರಿಗೂ ಊಹಿಸಾಕ ಆಗಂಗಿಲ್ಲ." ಆಳಂದದವರು ಯಾರೂ ಕೇಳಲಿಲ್ಲ, ಇಂಗ್ಲಿಷಿನಲ್ಲೇ ಇಟ್ಟರು. ನನ್ನ ಮಾತು ಕೇಳಿದವರು ಇಬ್ಬರೇ, ಅಫಜಲಪುರದ ಅಕ್ಕೋರು ಮತ್ತು ಜೇವರ್ಗಿಯವನು.

ಪಟ್ಟಿಗಳು ಬಂದವು. ಸೇರಿಸಿ ವಾಪಸ್ ಹಾಕಿದೆ. ಎರಡೇ ದಿನಕ್ಕೆ ಅಕ್ಕೋರ ಫೋನ್ ಬಂತು.

"ನಾಳಿ ಬಾರವಾ. ಇಲ್ಲಿ ಏನೋ ಆಗಾಕತ್ತದ."

"ಏನಾಗ್ಯದ್ರಿ ಅಕ್ಕೋರೆ?"

"ಫೋನ್‌ನ್ಯಾಗ ಬ್ಯಾಡ."

ಮರುದಿನ ಕಲಬುರಗಿಗೆ ಬಂದು ಅಫಜಲಪುರದ ಬಸ್ಸು ಹತ್ತಿದೆ. ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ನಾನು ದಾರಿಯುದ್ದಕ್ಕೂ ಏನು ಕೆಟ್ಟಿರಬಹುದು ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಪ್ರಿಂಟರ್ ಇರಬಹುದು, ಫೈಲ್ ಇರಬಹುದು.

ಅಕ್ಕೋರು ರಿಪೋರ್ಟುಗಳ ಪ್ರತಿಗಳ ಒಂದು ಕಟ್ಟನ್ನು ಮೇಜಿನ ಮೇಲೆ ಹರಡಿದರು. ಪ್ರತಿಯೊಂದರ ಕೆಳಗೂ ಜೇವರ್ಗಿಯವನ ಹೆಸರು ಅಚ್ಚಾಗಿತ್ತು. ಅದರ ಮೇಲೆ ಅಕ್ಕೋರ ಸಹಿ.

"ಇವತ್ತಿಗೆ ಮೂರು ದಿವಸ. ರಕ್ತ ತೆಗೆದಾಕಿ ನಾ, ನೋಡಿದಾಕಿ ನಾ. ಹೆಸರು ಅವಂದು. ಮೊದಲನೇ ದಿವಸ ನಾ ನೋಡೇ ಇಲ್ಲ, ಸಹಿ ಮಾಡಿ ಕೊಟ್ಟುಬಿಟ್ಟೇನಿ. ಹೇಳವಾ, ಅವ ಅಲ್ಲಿ ಕುಂತು ನನ್ನ ಕಂಪ್ಯೂಟರ್‌ನ್ಯಾಗ ಹ್ಯಾಂಗ ಬರ್ತಾನ?"

ನಾನು ಅವರ ಕುರ್ಚಿಯಲ್ಲಿ ಕುಳಿತು ಪಟ್ಟಿ ತೆರೆದೆ. ಅವನ ಹೆಸರು ಮೇಲಿತ್ತು, ಅಕ್ಕೋರದು ಎರಡು ಸಾಲು ಕೆಳಗೆ. ಹೆಸರುಗಳ ಮುಂದಿನ ಮೂವತ್ತೆರಡು ಅಕ್ಷರಗಳನ್ನು ನೋಡಿದೆ. ಮೇಲಿನದು, ಕೆಳಗಿನದು. ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಎರಡೂ ಒಂದೇ ಆಗಿದ್ದವು.

ಏನಾಗಿದೆ ಎಂಬುದು ತಕ್ಷಣ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ಇಬ್ಬರ ಪಾಸ್‌ವರ್ಡೂ ಒಂದೇ ಆದರೆ ಪ್ರೋಗ್ರಾಂ ಪಟ್ಟಿಯಲ್ಲಿ ಮೊದಲು ಸಿಕ್ಕವರ ಹೆಸರು ಹಿಡಿಯುತ್ತದೆ. ಅವನು ಮೇಲಿದ್ದಾನೆ, ಅದಕ್ಕೆ ಅವನ ಹೆಸರು ಬರುತ್ತಿದೆ. ನನಗೆ ಗೊತ್ತಿದ್ದ ಹ್ಯಾಶಿನ ಒಂದೇ ಒಂದು ನಿಯಮ ಇಲ್ಲಿ ಕೆಲಸಕ್ಕೆ ಬಂದಿತ್ತು. ಪದ ಬೇರೆಯಾದರೆ ಸಾಲು ಬೇರೆ, ಪದ ಒಂದೇ ಆದರೆ ಸಾಲು ಒಂದೇ.

"ಅಕ್ಕೋರೆ, ಅವ ಏನೂ ಮಾಡಿಲ್ರಿ. ನೀವಿಬ್ಬರೂ ಒಂದೇ ಪದ ಇಟ್ಟೀರಿ."

ಅವರು ನನ್ನ ಮುಖ ನೋಡಿದರು. "ಏನಂದಿ?"

"ನಿಮ್ಮ ಪಾಸ್‌ವರ್ಡೂ ಅವನ ಪಾಸ್‌ವರ್ಡೂ ಒಂದೇ ಅದಾವ್ರಿ. ಯಾವ ಪದ ಅಂತ ನನಗ ತಿಳಿಯಂಗಿಲ್ಲ. ಆದ್ರ ಎರಡೂ ಒಂದೇ ಪದ."

"ಆಗಾಕ ಸಾಧ್ಯ ಇಲ್ಲ."

"ಇದು ಲೆಕ್ಕದ ಮಾತ್ರೀ. ತಪ್ಪಂಗಿಲ್ಲ," ಎಂದೆ. ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡು ನಾಚಿದ್ದೇನೆ.

ಅಲ್ಲಿಂದಲೇ ಜೇವರ್ಗಿಗೆ ಫೋನ್ ಹಚ್ಚಿದೆ. ಅಕ್ಕೋರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದೆ, ಅದನ್ನು ಅವನಿಗೂ ಹೇಳಿದೆ. ವಿಷಯ ತಿಳಿಸಿದೆ. ಆ ಕಡೆ ಯಂತ್ರ ತಿರುಗುವ ಗುಂಯ್ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು.

"ತಮ್ಮಾ, ಕೇಳಾಕತ್ತದೇನು?"

"ಕೇಳಾಕತ್ತದ್ರಿ ಅಕ್ಕಾ." ಆಮೇಲೆ, "ಅಕ್ಕೋರೂ ಅದನ್ನೇ ಇಟ್ಟಾರ್ರಿ?" ಎಂದು ಬಹಳ ಮೆಲ್ಲಗೆ ಕೇಳಿದ.

"ಹೌದು. ಇಬ್ಬರಾಗ ಒಬ್ಬರು ಬದಲಿ ಮಾಡಬೇಕು. ನೀ ಮಾಡ್ತಿಯೇನು?"

"ಜರಾ ವಿಚಾರ ಮಾಡ್ತೇನ್ರಿ," ಎಂದ. ಒಂದು ಪಾಸ್‌ವರ್ಡ್ ಬದಲಿಸಲು ಏನು ವಿಚಾರ ಎಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಕ್ಕೋರು ಕೈ ಎತ್ತಿ ನನ್ನನ್ನು ತಡೆದರು. "ಅವಂದು ಇರ್ಲಿ. ನಾನೇ ಬದಲಿ ಮಾಡ್ತೇನಿ," ಎಂದರು. ಅವರ ದನಿ ಬೇರೆಯಾಗಿತ್ತು. ಹೊಸ ಪದ ಟೈಪ್ ಮಾಡುವಾಗ ನಾನು ಮುಖ ತಿರುಗಿಸಿದೆ. ಹಳೆಯದಕ್ಕಿಂತ ಉದ್ದನೆಯದು ಎಂದು ಕೀಲಿಯ ಸದ್ದಿನಿಂದ ಗೊತ್ತಾಯಿತು. ಮತ್ತೆ ಒಳಗೆ ಹೋಗಿ ನೋಡಿದೆವು. ಅಕ್ಕೋರ ಹೆಸರೇ ಬಂತು. ಕೆಲಸ ಮುಗಿಯಿತು ಎಂದು ನಾನು ಬಸ್ಸು ಹಿಡಿದೆ. ಆದರೆ ಸಮಾಧಾನ ಇರಲಿಲ್ಲ. ಮಾತೇ ಆಡದ ಇಬ್ಬರು, ಎರಡು ಊರಲ್ಲಿ ಕುಳಿತು, ಲೋಕದ ಎಲ್ಲ ಪದಗಳನ್ನೂ ಬಿಟ್ಟು ಒಂದೇ ಪದ ಹೇಗೆ ಆರಿಸಿಕೊಂಡರು? ಕಲಬುರಗಿ ಬರುವವರೆಗೂ ಅದೇ ಯೋಚನೆ. ದೇವರ ಹೆಸರಿರಬಹುದು ಎಂದುಕೊಂಡೆ. ಡಾಕ್ಟರಿಗೂ ಅದನ್ನೇ ಹೇಳಿದೆ.

ಆಮೇಲಿನ ಒಂದೂವರೆ ತಿಂಗಳಲ್ಲಿ ನನಗೆ ಅರ್ಥವಾಗದ ಇನ್ನೊಂದು ಸಂಗತಿ ನಡೆಯಿತು. ಅಕ್ಕೋರೂ ಜೇವರ್ಗಿಯವನೂ ಮಾತಾಡಲು ಶುರು ಮಾಡಿದ್ದರು. ಆಳಂದದ ಲ್ಯಾಬಿನಲ್ಲಿ ಎಲ್ಲರಿಗೂ ಅಚ್ಚರಿ. ಯಾವುದೋ ರಾಸಾಯನಿಕ ಮುಗಿದರೆ ಈಗ ಅವನು ಆಳಂದಕ್ಕೆ ಕೇಳದೆ ನೇರವಾಗಿ ಅಕ್ಕೋರಿಗೆ ಕೇಳಿ ತರಿಸಿಕೊಳ್ಳುತ್ತಿದ್ದ. ಡಾಕ್ಟರು ನನಗೆ, "ನಿಮ್ಮ ಪ್ರೋಗ್ರಾಂ ಏನೋ ಮಾಡ್ಯದ್ರಿ," ಎಂದು ನಕ್ಕರು. ನಾನೂ ನಕ್ಕೆ. ಅದು ಏನು ಮಾಡಿದೆ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ದಿನ ಜೇವರ್ಗಿಯವನೇ ಫೋನ್ ಮಾಡಿದ.

"ಅಕ್ಕಾ, ಒಂದು ವಿಚಿತ್ರ ಆಗ್ಯದ್ರಿ. ಮುಂಜಾನಿ ಅವಸರದಾಗ ಪಾಸ್‌ವರ್ಡ್ ತಪ್ಪು ಒತ್ತಿದೆ. ತಪ್ಪು ಅಂತ ನನಗ ಖಾತ್ರಿ ಅದ. ಆದ್ರೂ ಒಳಗ ಬಿಟ್ಟದ."

"ಸರಿಯಾಗೇ ಒತ್ತಿರಬೇಕು."

"ಇಲ್ರಿ. ಎರಡನೇ ಸಲ ಬೇಕಂತ್ಲೇ ತಪ್ಪು ಒತ್ತಿದೆ. ಆಗೂ ಬಿಟ್ಟದ."

ಮರುದಿನದ ಕ್ಲಾಸು ಬಿಟ್ಟು ಜೇವರ್ಗಿಗೆ ಹೋದೆ. ಭೀಮಾ ನದಿಯ ಸೇತುವೆ ದಾಟುವಾಗ ನೀರು ಕಡಿಮೆಯಾಗಿ ಮರಳು ಕಾಣುತ್ತಿತ್ತು. ಅವನು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. ನಾನು ಕುಳಿತು ಅವನಿಗೆ, "ಕೈಗೆ ಬಂದ ಕನ್ನಡ ಅಕ್ಷರ ಒತ್ತು," ಎಂದೆ. ಅವನು ಐದು ಕೀಲಿ ಒತ್ತಿದ. ಒಳಗೆ ಬಿಟ್ಟಿತು. ನಾನು ಐದು ಕೀಲಿ ಒತ್ತಿದೆ, ಅರ್ಥವಿಲ್ಲದ್ದು. ಒಳಗೆ ಬಿಟ್ಟಿತು. ನಾಲ್ಕು ಒತ್ತಿದರೆ ಬಿಡಲಿಲ್ಲ. ಆರು ಒತ್ತಿದರೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಐದು ಒತ್ತಿದರೆ ಬಿಡಲಿಲ್ಲ. ಕನ್ನಡದಲ್ಲಿ ಐದು ಏನೇ ಒತ್ತಿದರೂ ಬಾಗಿಲು ತೆರೆಯುತ್ತಿತ್ತು.

ಹ್ಯಾಶ್ ಮಾಡುವ ಆ ನೂರಾರು ಸಾಲುಗಳಲ್ಲಿ ತಪ್ಪು ಎಲ್ಲಿದೆ ಎಂದು ಮಧ್ಯಾಹ್ನದವರೆಗೆ ಹುಡುಕಿದೆ. ಸಿಗಲಿಲ್ಲ. ಅವನು ನಡುನಡುವೆ ಬಂದವರ ರಕ್ತ ತೆಗೆಯುತ್ತಿದ್ದ, ಮತ್ತೆ ಬಂದು ನನ್ನ ಹಿಂದೆ ನಿಲ್ಲುತ್ತಿದ್ದ. ಕಡೆಗೆ ಅವನೇ ಕೇಳಿದ, "ಅಕ್ಕಾ, ನಾವು ಒತ್ತಿದ್ದು ಚುಕ್ಕಿ ಚುಕ್ಕಿಯಾಗಿ ಕಾಣ್ತದಲ್ರಿ. ಅದರ ಕೆಳಗ ಏನದ ಅಂತ ನೋಡಾಕ ಬರಂಗಿಲ್ಲೇನು?"

ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಒತ್ತಿದ ಅಕ್ಷರಗಳು ಕಾಣದಂತೆ ನಕ್ಷತ್ರದ ಗುರುತು ಬರುತ್ತದಲ್ಲ, ಅವನು ಹೇಳಿದ್ದು ಅದನ್ನು. ಅದನ್ನು ತೆಗೆಯುವುದು ಒಂದು ಕ್ಷಣದ ಕೆಲಸ. ತೆಗೆದೆ. "ಈಗ ನಿನ್ನ ಪದ ಒತ್ತು," ಎಂದು ಹೇಳಿ ಕಣ್ಣು ಮುಚ್ಚಿಕೊಂಡೆ.

"ಕಣ್ಣು ತೆರೀರಿ ಅಕ್ಕಾ," ಎಂದ.

ಪೆಟ್ಟಿಗೆಯಲ್ಲಿ ಒಂದೂ ಕನ್ನಡ ಅಕ್ಷರ ಇರಲಿಲ್ಲ. ಐದು ಪ್ರಶ್ನಾರ್ಥಕ ಚಿಹ್ನೆಗಳಿದ್ದವು, ಸಾಲಾಗಿ.

ನನ್ನ ಹಳೆಯ ಭಾಷೆಯ ಆ ಪೆಟ್ಟಿಗೆಗೆ ಕನ್ನಡ ತಿಳಿಯುತ್ತಿರಲಿಲ್ಲ. ಅದು ಹುಟ್ಟಿದ ಕಾಲಕ್ಕೆ ಪೆಟ್ಟಿಗೆಯಲ್ಲಿ ಬರೀ ಇಂಗ್ಲಿಷಿನಂಥ ಅಕ್ಷರಗಳಿಗೇ ಜಾಗ. ತಿಳಿಯದ ಅಕ್ಷರ ಬಂದರೆ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಳ್ಳುತ್ತಿತ್ತು. ಅಕ್ಷರ, ಒತ್ತು, ಸೊನ್ನೆ, ಯಾವ ಕೀಲಿ ಒತ್ತಿದರೂ ಒಂದೊಂದು ಚಿಹ್ನೆ. ಮೇಲೆ ನಕ್ಷತ್ರ ಮುಚ್ಚಿದ್ದರಿಂದ ನಾವು ಯಾರೂ ನೋಡಿರಲಿಲ್ಲ. ಹ್ಯಾಶಿನದು ಏನೂ ತಪ್ಪಿರಲಿಲ್ಲ. ಅದಕ್ಕೆ ಪ್ರತಿ ಸಲವೂ ಐದು ಪ್ರಶ್ನೆಗಳನ್ನೇ ಕೊಡುತ್ತಿದ್ದೆ, ಅದು ಪ್ರತಿ ಸಲವೂ ಅದೇ ಸಾಲನ್ನು ಕೊಡುತ್ತಿತ್ತು. ಕನ್ನಡದಲ್ಲಿ ಇಡಿ ಎಂದು ಹೇಳಿದವಳು ನಾನು. ಕನ್ನಡದಲ್ಲಿ ಒಮ್ಮೆಯೂ ಪರೀಕ್ಷೆ ಮಾಡದವಳೂ ನಾನೇ.

ಅವನು ಇನ್ನೂ ಪರದೆಯನ್ನೇ ನೋಡುತ್ತಿದ್ದ.

"ಅಂದ್ರ ಅಕ್ಕಾ, ಅಕ್ಕೋರು ಇಟ್ಟಿದ್ದ ಪದ..."

"ಅದಕ್ಕೂ ಐದು ಕೀಲಿ ಇತ್ತು. ಅಷ್ಟೇ ತಮ್ಮಾ. ಒಂದೇ ಪದ ಅಲ್ಲ. ನಾ ಹೇಳಿದ್ದು ತಪ್ಪು."

ಅವನು ಸ್ಟೂಲಿನ ಮೇಲೆ ಕುಳಿತ. ಆಮೇಲೆ ತಾನಾಗಿ ಹೇಳಿದ. ಅವನು ಇಟ್ಟಿದ್ದ ಪದ ಜಿಡಗಾ, ಆಳಂದದ ಹತ್ತಿರದ ಊರಿನ ಹೆಸರು. ಚಿಕ್ಕಂದಿನಲ್ಲಿ ಅಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆ ಓದಿದವನು. ಅಫಜಲಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕೋರ ಜೊತೆ ಯಾವುದೋ ಕೆಲಸಕ್ಕೆ ಆಳಂದಕ್ಕೆ ಬಂದಾಗ ಇಬ್ಬರೂ ಜಿಡಗಾದ ಮಠಕ್ಕೆ ಹೋಗಿದ್ದರಂತೆ. ಅಲ್ಲಿ ಪ್ರಸಾದಕ್ಕೆ ಕುಳಿತಾಗ ಅಕ್ಕೋರು ತಮ್ಮ ಎಲೆಯ ಸಿಹಿಯನ್ನು ಇವನ ಎಲೆಗೆ ಹಾಕಿದ್ದರಂತೆ.

"ಅಕ್ಕೋರೂ ಅದೇ ಪದ ಇಟ್ಟಾರ ಅಂತ ನೀವು ಹೇಳಿದ್ರಲ್ರಿ, ಆ ದಿವಸ ಅವರು ಮರ್ತಿಲ್ಲ ಅಂದ್ಕೊಂಡೆ. ಅವತ್ತು ಸಂಜಿಕೇ ಅವರ ಫೋನ್ ಬಂತು. 'ಆ ಊರು ನೀನೂ ಮರ್ತಿಲ್ಲ ಅಂತ ಇವತ್ತು ಗೊತ್ತಾಯ್ತು' ಅಂದ್ರು. 'ಹ್ಯಾಂಗ ಮರೀಲ್ರಿ ಅಕ್ಕೋರೆ' ಅಂದೆ. ಆಮ್ಯಾಲ ಅವರು ಅಳಾಕತ್ತರು. 'ನಂಬರ್ ಎರಡು ಸಲ ಬರದಾಕಿ ನಾನು' ಅಂದ್ರು. ಯಾವ ನಂಬರ್ ಅಂತ ತಿಳೀತು, ಆದ್ರ ಜಿಡಗಾದ ಮಾತಿನ್ಯಾಗ ಅದು ಎಲ್ಲಿಂದ ಬಂತು ಅಂತ ನನಗ ತಿಳೀಲೇ ಇಲ್ರಿ."

ಆ ನಂಬರಿನ ಕಥೆಯನ್ನೂ ಅವನೇ ಬಿಡಿಸಿ ಹೇಳಿದ. ವರ್ಷಗಳ ಹಿಂದೆ ಅವರಿಬ್ಬರೂ ಕರಜಗಿ ಎಂಬ ಊರಿನ ಶಾಲೆಯಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿದ್ದರು. ಅಕ್ಕೋರು ಹೆಸರು ಕೇಳಿ ಪುಸ್ತಕದಲ್ಲೂ ಕೊಳವೆಯ ಚೀಟಿಯಲ್ಲೂ ನಂಬರ್ ಬರೆಯುವುದು, ಇವನು ರಕ್ತ ತೆಗೆಯುವುದು. ಇಬ್ಬರು ಹೆಂಗಸರ ರಿಪೋರ್ಟು ಅದಲುಬದಲಾಯಿತು. ಏನೂ ಇಲ್ಲದವಳಿಗೆ ಸಕ್ಕರೆ ವಿಪರೀತ ಇದೆ ಎಂದು ಹೋಯಿತು. ನಿಜವಾಗಿ ಇದ್ದವಳು ಹತ್ತು ದಿನದ ನಂತರ ತಲೆ ತಿರುಗಿ ಬಿದ್ದು ಅಫಜಲಪುರಕ್ಕೆ ಬಂದಳು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ತಪ್ಪು ಯಾರದು ಎಂಬ ಮಾತು ಬಂದಾಗ ಅಕ್ಕೋರು ಎಲ್ಲರ ಎದುರು ಇವನನ್ನು ಬೈದರು. ಡಾಕ್ಟರು ಇವನಿಗೆ ಒಂದು ನೋಟಿಸು ಕೊಟ್ಟು ಜೇವರ್ಗಿಗೆ ಹಾಕಿದರು.

"ತಪ್ಪು ನಂದೇ ಇರಬೇಕು ಅಂತ ನಾನೂ ನಂಬಿದ್ದೆ ಅಕ್ಕಾ. ಇಷ್ಟು ವರ್ಷ."

ಅಕ್ಕೋರು ಯಾವ ಊರಿನ ಹೆಸರು ಇಟ್ಟಿದ್ದರು ಎಂದು ಈಗ ಊಹಿಸಬಹುದಿತ್ತು. ಮನಸ್ಸಿನಲ್ಲೇ ಕೀಲಿ ಎಣಿಸಿದೆ. ಕರಜಗಿಗೆ ಕ, ರ, ಜ, ಗ, ಗುಡಿಸು. ಐದು. ಜಿಡಗಾಕ್ಕೂ ಐದು.

"ಈಗ ಅವರಿಗೆ ಹೇಳ್ತೀರೇನ್ರಿ?" ಎಂದು ಅವನು ಕೇಳಿದ.

"ಹೇಳ್ಬೇಕಲ್ಲ. ಪ್ರೋಗ್ರಾಂ ಸರಿ ಮಾಡಬೇಕು, ಎಲ್ಲರ ಪಾಸ್‌ವರ್ಡ್ ಮತ್ತ ಬದಲಾಗ್ತಾವ. ಯಾಕ ಅಂತ ಕೇಳೇ ಕೇಳ್ತಾರ."

"ಹೌದ್ರಿ," ಎಂದ. ಹೇಳಬೇಡಿ ಎನ್ನುತ್ತಾನೆಂದು ಕಾದಿದ್ದೆ. ಅನ್ನಲಿಲ್ಲ.

ಮನೆಯಲ್ಲಿ ಮೂರು ದಿನ ಪ್ರೋಗ್ರಾಂ ತಿದ್ದಿದೆ. ಪಾಸ್‌ವರ್ಡಿಗೆ ಮೊದಲು ಪಟ್ಟಿಯಿಂದ ಹೆಸರು ಆರಿಸುವಂತೆ ಮಾಡಿದೆ. ಇಂಗ್ಲಿಷಿನಲ್ಲದ ಅಕ್ಷರ ಬಂದರೆ ಬೇಡ ಎನ್ನುವಂತೆ ಮಾಡಿದೆ. ಪ್ರತಿಯೊಬ್ಬರ ಪದಕ್ಕೂ ಬೇರೆ ಬೇರೆ ಅಕ್ಷರಗಳ ಒಂದು ತುಣುಕು ಸೇರಿಸಿ ಆಮೇಲೆ ಹ್ಯಾಶ್ ಮಾಡಬೇಕು, ಆಗ ಇಬ್ಬರು ಒಂದೇ ಪದ ಇಟ್ಟರೂ ಸಾಲು ಬೇರೆಯಾಗುತ್ತದೆ ಎಂದು ಎಲ್ಲೋ ಓದಿದೆ. ಆ ತುಣುಕಿಗೆ ಉಪ್ಪು ಎನ್ನುತ್ತಾರಂತೆ. ಅದನ್ನೂ ಹಾಕಿದೆ. ಇದನ್ನು ಮೊದಲೇ ಹಾಕಿದ್ದರೆ ಆ ಎರಡು ಸಾಲುಗಳು ಒಂದೇ ಆಗುತ್ತಿರಲಿಲ್ಲ, ನಾನು ಆ ಮಾತು ಹೇಳುತ್ತಿರಲಿಲ್ಲ, ಅಕ್ಕೋರು ಫೋನ್ ಮಾಡುತ್ತಿರಲಿಲ್ಲ. ಇದು ಒಳ್ಳೆಯದಾಗಿತ್ತೇ ಕೆಟ್ಟದಾಗಿತ್ತೇ ಎಂದು ಯೋಚಿಸಿ ತಲೆ ಕೆಟ್ಟು ಕೋಡಿನಲ್ಲಿ ಎರಡು ಕಡೆ ತಪ್ಪು ಬರೆದು ಮತ್ತೆ ತಿದ್ದಿದೆ.

ಅಫಜಲಪುರಕ್ಕೆ ಹೋದಾಗ ಅಕ್ಕೋರು ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಿದ್ದರು. ನನಗೂ ಒಂದು ರೊಟ್ಟಿ ಕೊಟ್ಟರು. ತಿನ್ನುವುದು ಮುಗಿದ ಮೇಲೆ ಹೇಳೋಣ ಎಂದುಕೊಂಡೆ, ಆಗಲಿಲ್ಲ. ಕೈಯಲ್ಲಿ ತುತ್ತು ಹಿಡಿದೇ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕೇಳಿದರು. ಡಬ್ಬಿ ಮುಚ್ಚಿದರು. ಕೈ ತೊಳೆದುಕೊಂಡು ಬಂದರು.

"ಅವಂದು ಬ್ಯಾರೆ ಪದ?"

"ಹೌದ್ರಿ."

"ಕರಜಗಿ ಅಲ್ಲ?"

ತಮ್ಮ ಪದವನ್ನು ತಾವೇ ಹೇಳಿದ್ದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ. "ಅಲ್ರಿ," ಎಂದೆ.

"ನೀ ಅಷ್ಟು ಭರೋಸಾದಿಂದ ಹೇಳಿದಿ. ಲೆಕ್ಕದ ಮಾತು, ತಪ್ಪಂಗಿಲ್ಲ ಅಂದಿ."

"ನನಗ ಅಷ್ಟೇ ತಿಳಿದಿತ್ರಿ. ತಪ್ಪಾಯ್ತು."

ಅವರು ಕಿಟಕಿಯ ಕಡೆ ನೋಡುತ್ತ ನಿಂತರು. "ಕ್ಯಾಂಪಿನ ಪುಸ್ತಕ ನನ್ನ ಹತ್ರಾನೇ ಇತ್ತು. ಅವನ್ನ ಜೇವರ್ಗಿಗೆ ಹಾಕಿ ಆರು ತಿಂಗಳಿಗೆ ಯಾವುದಕ್ಕೋ ತೆರೆದೆ. ಆ ಇಬ್ಬರು ಹೆಣ್ಮಕ್ಕಳಿಗೂ ಹದಿನೇಳು ಅಂತ ಎರಡು ಸಲ ಬರದೀನಿ, ನನ್ನ ಅಕ್ಷರದಾಗೇ. ಆಗೇ ಹೇಳಬೇಕಿತ್ತು. ಹೇಳ್ಲಿಲ್ಲ. ದಿನಾ ಮುಂಜಾನಿ ಕೊಳವಿ ಮುಟ್ಟೂಕಿಂತ ಮೊದಲ ಆ ಊರಿನ ಹೆಸರು ಬೆರಳಿಗೆ ಬರಲಿ ಅಂತ ಅದನ್ನ ಇಟ್ಟೆ. ಅವನೂ ಅದನ್ನೇ ಇಟ್ಟಾನ ಅಂದಾಗ, ಇವ ಎಲ್ಲಾ ತಿಳಿದು ಸುಮ್ನಿದ್ದಾನ ಅಂತ ತಿಳಿದೆ. ಅದಕ್ಕ ಫೋನ್ ಮಾಡಿದೆ."

"ಅವನಿಗೆ ಏನೂ ಗೊತ್ತಿರಲಿಲ್ರಿ."

"ಈಗ ಗೊತ್ತಾಯ್ತಲ್ಲ." ಆಮೇಲೆ ಕೇಳಿದರು, "ಅವ ಯಾವುದು ಇಟ್ಟಿದ್ದ?"

"ಅದನ್ನ ನಾ ಹೇಳಬಾರದ್ರಿ ಅಕ್ಕೋರೆ."

"ಇರ್ಲಿ. ಅವನನ್ನೇ ಕೇಳ್ತೇನಿ."

ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮುಂದಿನ ವಾರ ಅಕ್ಕೋರು ಆ ಪುಸ್ತಕ ಹಿಡಿದುಕೊಂಡು ಆಳಂದಕ್ಕೆ ಬಂದರು. ಡಾಕ್ಟರ ಕೋಣೆಯಲ್ಲಿ ಅರ್ಧ ತಾಸು ಇದ್ದರು. ಅವರು ಹೋದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಜೇವರ್ಗಿಯವನಿಗೆ ಕೊಟ್ಟಿದ್ದ ನೋಟಿಸಿನ ಹಳೆಯ ಪ್ರತಿ ಇತ್ತು. "ಇಷ್ಟು ವರ್ಷ ಆದ ಮ್ಯಾಲ ಇದನ್ನ ಏನ್ ಮಾಡ್ಲಿ?" ಎಂದು ನನ್ನನ್ನೇ ಕೇಳಿದರು. ಕಡೆಗೆ ಅದರ ಹಿಂದೆ ಎರಡು ಸಾಲು ಬರೆದು, ಸಹಿ ಹಾಕಿ, ಜೇವರ್ಗಿಗೆ ಕಳಿಸಿದರು. ಏನು ಬರೆದರು ಎಂದು ನಾನು ಓದಲಿಲ್ಲ. ಅಕ್ಕೋರಿಗೆ ಏನಾದರೂ ಬರೆದು ಕೊಟ್ಟರೋ ಎಂಬುದೂ ತಿಳಿಯದು. ತಪ್ಪು ಹೆಸರಿನಲ್ಲಿ ಹೋಗಿದ್ದ ಆ ಮೂರು ದಿನದ ರಿಪೋರ್ಟುಗಳನ್ನು ಅಕ್ಕೋರೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸಿ ಬದಲಿಸಿಕೊಟ್ಟರು. ನಾಲ್ಕು ಜನ ಬರಲೇ ಇಲ್ಲ.

ಈ ಸಲದ ಬೇಸಿಗೆಯಲ್ಲಿ ಅಕ್ಕೋರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹದಿನೈದು ದಿನ ಅವರ ಜಾಗಕ್ಕೆ ಯಾರು ಎಂದಾಗ ಜೇವರ್ಗಿಯವನು ತಾನೇ ಬರುತ್ತೇನೆ ಎಂದ. ಮೊದಲ ದಿನ ಅವನ ಹೆಸರು ಅಲ್ಲಿನ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ನಾನೂ ಹೋಗಿದ್ದೆ. ಬಂತು. ಅಕ್ಕೋರು ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಗಳಿಗೆ ಬಂದು ನಿಂತರು. ಜಿಡಗಾದ ಮಾತೂ ಬರಲಿಲ್ಲ, ಕರಜಗಿಯದೂ ಬರಲಿಲ್ಲ.

"ಫ್ರಿಜ್ಜಿನ ಬಾಗಲಾ ಪೂರಾ ಹತ್ತಂಗಿಲ್ಲ, ಜರಾ ಎತ್ತಿ ಒತ್ತಬೇಕು," ಎಂದು ಅವನಿಗೆ ಹೇಳಿದರು.

"ಗೊತ್ತದ್ರಿ. ನಾ ಇದ್ದಾಗೂ ಹಂಗೇ ಇತ್ತು."

"ಕರೆಂಟ್ ಹೋದ್ರ ಮೊದಲ ಫ್ರಿಜ್ಜೇ ನೋಡು."

"ನೋಡ್ತೇನ್ರಿ."

ಅಕ್ಕೋರು ಕೀಲಿ ಗೊಂಚಲು ಅವನ ಕೈಗೆ ಕೊಟ್ಟು ಆಟೋ ಹತ್ತಿದರು. ಅವನು ಕೈಗವಸು ಹಾಕಿಕೊಂಡು ಮೊದಲನೆಯವರನ್ನು ಒಳಗೆ ಕರೆದ.